ಸಿಸ್ಕೋ ಡಬ್ಲ್ಯೂಐಸಿ-2ಎ/ಎಸ್: ನಿಧಾನದ ಸೀರಿಯಲ್ ಕಾರ್ಡ್ ಈಗಲೂ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಸಾಮಾನಿನ ರಿವ್ಯೂ ಅಲ್ಲ. ಸಿಸ್ಕೋ 1841 ರೂಟರ್, ಅದರೊಳಗೆ ಕೂರುವ ಡಬ್ಲ್ಯೂಐಸಿ-2ಎ/ಎಸ್ ಅನ್ನುವ ಎರಡು ಪೋರ್ಟಿನ ಕಾರ್ಡ್. ಇನ್ನೊಂದು ರೂಟರನ್ನೋ ಹಳೆಯ ಯಂತ್ರವನ್ನೋ ಸೀರಿಯಲ್ ತಂತಿಯಲ್ಲಿ, ಅಂದರೆ ಬಿಟ್‌ಗಳು ಒಂದರ ಹಿಂದೆ ಒಂದು ಹೋಗುವ ತಂತಿಯಲ್ಲಿ, ರೂಟರಿಗೆ ಸೇರಿಸುವುದು ಇದರ ಕೆಲಸ. ಎರಡೂ ಈಗ ಸೆಕೆಂಡ್ ಹ್ಯಾಂಡ್ ಮಾತ್ರ ಸಿಗುತ್ತವೆ. ಕಂಪನಿ ಇವನ್ನು ಮಾರುವುದು ನಿಲ್ಲಿಸಿ ವರ್ಷಗಳೇ ಆದವು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಹತ್ತಿರ ಇದು ದಿನಾ ದುಡಿಯುತ್ತಿದೆ, ಮತ್ತೆ ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ನಾನು ಮೈಸೂರಿನ ಹೂಟಗಳ್ಳಿ, ಮೇಟಗಳ್ಳಿ ಕಡೆಯ ಸಣ್ಣ ಕಾರ್ಖಾನೆಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮಂಡ್ಯ ಜಿಲ್ಲೆಯಲ್ಲೂ ಒಂದಷ್ಟು ಕೆಲಸ ಇದೆ. ಸಂಜೆ ಕುವೆಂಪುನಗರದ ಮನೆಯ ಮುಂದಿನ ರೂಮಿನಲ್ಲಿ ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾಠಕ್ಕೂ ಇದೇ ಕಾರ್ಡ್, ಕೆಲಸಕ್ಕೂ ಇದೇ ಕಾರ್ಡ್.

ಕಾರ್ಡ್ ಚಿಕ್ಕದು, ಅಂಗೈಯಲ್ಲಿ ಹಿಡಿಯುತ್ತದೆ. ಮುಖದ ಮೇಲೆ ಎರಡು ಕನೆಕ್ಟರ್, ಒಂದೊಂದಕ್ಕೂ 26 ಪಿನ್. ಸ್ಮಾರ್ಟ್ ಸೀರಿಯಲ್ ಅಂತ ಕರೆಯುತ್ತಾರೆ. ಪ್ರತಿ ಪೋರ್ಟನ್ನೂ ಸಿಂಕ್ ಆಗಿ ಇಡಬಹುದು, ಅಸಿಂಕ್ ಆಗಿಯೂ ಇಡಬಹುದು. ಸಿಂಕ್ ಅಂದರೆ ಬಿಟ್‌ಗಳ ತಾಳಕ್ಕೆ ಗಡಿಯಾರದ ಸಿಗ್ನಲ್ ಜೊತೆಗೇ ಬರುತ್ತದೆ. ಅಸಿಂಕ್‌ನಲ್ಲಿ ಗಡಿಯಾರ ಇಲ್ಲ, ಎರಡು ಕಡೆಯೂ ಒಂದೇ ವೇಗ ಮೊದಲೇ ಬರೆದಿಟ್ಟಿರಬೇಕು. ಸಿಂಕ್‌ನಲ್ಲಿ ಜಾಸ್ತಿ ಅಂದರೆ 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್. ಅಸಿಂಕ್‌ನಲ್ಲಿ 115.2 ಕೆಬಿಪಿಎಸ್. ಇದೇ ಮುಖದ ಇನ್ನೊಂದು ಕಾರ್ಡ್ ಇದೆ, ಡಬ್ಲ್ಯೂಐಸಿ-2ಟಿ. ಅದು ಸಿಂಕ್‌ನಲ್ಲಿ 8 ಎಂಬಿಪಿಎಸ್‌ವರೆಗೆ ಹೋಗುತ್ತದೆ. ದೂರದಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೆ ಮೇಲೆ ಬರೆದ ಹೆಸರು ಓದಿಯೇ ಕೊಳ್ಳಿ. ನಿಮ್ಮಲ್ಲಿ 2 ಎಂಬಿಪಿಎಸ್ ಲೀಸ್ಡ್ ಲೈನ್ (ಟೆಲಿಕಾಂ ಕಂಪನಿಯಿಂದ ಬಾಡಿಗೆಗೆ ಪಡೆದ ಖಾಸಗಿ ಲೈನ್) ಇದ್ದರೆ ಟಿ ಕಾರ್ಡೇ ಬೇಕು. ಅಲ್ಲಿ ಎ/ಎಸ್ ಕಾರ್ಡ್ ಹಾಕಿ ಉಪಯೋಗವಿಲ್ಲ.

ಹಾಗಾದರೆ ಇಷ್ಟು ನಿಧಾನದ ಕಾರ್ಡ್ ಯಾಕೆ? ಈಥರ್ನೆಟ್‌ನಲ್ಲಿ ಎಲ್ಲಾ ತಾನಾಗಿ ನಡೆಯುತ್ತದೆ. ಕೇಬಲ್ ಚುಚ್ಚಿದರೆ ಎರಡು ಕಡೆಯವು ತಾವೇ ಮಾತಾಡಿಕೊಂಡು ವೇಗ ಗೊತ್ತು ಮಾಡಿಕೊಳ್ಳುತ್ತವೆ. ಇಲ್ಲಿ ಒಂದೊಂದನ್ನೂ ನಾವೇ ಹೇಳಬೇಕು. ಗಡಿಯಾರ ಯಾರು ಕೊಡುತ್ತಾರೆ, ಎಷ್ಟು ವೇಗ, ಯಾವ ಎನ್‌ಕ್ಯಾಪ್ಸುಲೇಶನ್ (ಲೈನಿಗೆ ಹಾಕುವ ಮೊದಲು ಡೇಟಾ ಸುತ್ತಿ ಕಟ್ಟುವ ರೀತಿ), ಸಿಂಕಾ ಅಸಿಂಕಾ. ಒಂದು ತಪ್ಪಿದರೂ ಲೈನ್ ಏಳುವುದಿಲ್ಲ. ಆದರೆ ಯಾಕೆ ಏಳಲಿಲ್ಲ ಅನ್ನುವುದನ್ನು ರೂಟರ್ ಬಿಡಿಸಿ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ನನ್ನ ಪಾಠದಲ್ಲಿ ಎರಡು 1841 ಪಕ್ಕಪಕ್ಕ ಇಟ್ಟು, ನಡುವೆ ವಿ.35 ಅನ್ನುವ ಜಾತಿಯ ಸೀರಿಯಲ್ ಕೇಬಲ್ ಎರಡನ್ನು ಸೇರಿಸುತ್ತೇನೆ. ಒಂದು ಡಿಟಿಇ (ರೂಟರ್, ಕಂಪ್ಯೂಟರಿನಂಥ ಉಪಕರಣದ ಕಡೆ), ಒಂದು ಡಿಸಿಇ (ಮೋಡೆಮ್ ಕಡೆ). ಡಿಸಿಇ ಯಾವ ಕಡೆ ಇದೆಯೋ ಆ ಕಡೆಯ ರೂಟರೇ ಗಡಿಯಾರ ಕೊಡಬೇಕು. ಇದನ್ನು ಗೊತ್ತು ಮಾಡುವುದು ಕಾನ್ಫಿಗರೇಶನ್ ಅಲ್ಲ, ಕೇಬಲ್. ಮಕ್ಕಳಿಗೆ ಇದು ಮೊದಲು ನಂಬಿಕೆಯೇ ಆಗುವುದಿಲ್ಲ. 'ಶೋ ಕಂಟ್ರೋಲರ್ಸ್ ಸೀರಿಯಲ್ 0/0/0' ಹೊಡೆದರೆ ಮೊದಲ ಸಾಲುಗಳಲ್ಲೇ ಬರುತ್ತದೆ: ಡಿಸಿಇ ವಿ.35, ಕ್ಲಾಕ್ ರೇಟ್ 64000. ಕೇಬಲ್ ತಿರುಗಿಸಿ ಹಾಕಿ ಮತ್ತೆ ಹೊಡೆದರೆ ಡಿಟಿಇ ಅಂತ ಬರುತ್ತದೆ. ಕಣ್ಣಾರೆ ನೋಡಿದ ಮೇಲೆ ಯಾರೂ ಮರೆಯುವುದಿಲ್ಲ.

ಆಮೇಲೆ ನನಗೆ ತುಂಬಾ ಇಷ್ಟದ ಪಾಠ. ಡಿಸಿಇ ಕಡೆ 'ಕ್ಲಾಕ್ ರೇಟ್ 9600' ಹಾಕಿಸುತ್ತೇನೆ. ಸುಮ್ನೆ ಪಿಂಗ್ ಹೊಡೆದರೆ, ಅಂದರೆ ಆಚೆ ಕಡೆಗೆ ಪ್ಯಾಕೆಟ್ ಕಳಿಸಿ ಉತ್ತರ ಕೇಳಿದರೆ, ಐದೂ ಆಶ್ಚರ್ಯ ಚಿಹ್ನೆ ಬರುತ್ತವೆ, ಉತ್ತರ ಬಂತು ಅಂತ, ಎಲ್ಲಾ ಸರಿ. ಈಗ ಸೈಜ್ 1500 ಕೊಟ್ಟು ಹೊಡೆಯಿರಿ ಅನ್ನುತ್ತೇನೆ. ಐದೂ ಚುಕ್ಕಿ. ಒಂದೂ ಹೋಗುವುದಿಲ್ಲ. ಮಕ್ಕಳು ಕೇಬಲ್ ಅಲ್ಲಾಡಿಸುತ್ತಾರೆ, ಐಪಿ ನೋಡುತ್ತಾರೆ, ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) ಅನ್ನುತ್ತಾರೆ. ಆಗ ಬೋರ್ಡ್ ಮೇಲೆ ಲೆಕ್ಕ ಬರೆಸುತ್ತೇನೆ. 1500 ಬೈಟ್ ಅಂದರೆ 12,000 ಬಿಟ್. ಸೆಕೆಂಡಿಗೆ 9600 ಬಿಟ್ ಹೋಗುವ ತಂತಿಯಲ್ಲಿ ಒಂದು ಕಡೆಗೆ ಒಂದೂಕಾಲು ಸೆಕೆಂಡ್. ಹೋಗಿ ಬರುವುದಕ್ಕೆ ಎರಡೂವರೆ. ರೂಟರ್ ಪಿಂಗ್‌ಗೆ ಕಾಯುವುದು 2 ಸೆಕೆಂಡ್ ಮಾತ್ರ. ಪ್ಯಾಕೆಟ್ ಕಳೆದಿಲ್ಲ, ದಾರಿಯಲ್ಲಿದೆ! ಟೈಮ್‌ಔಟ್ 5 ಕೊಟ್ಟು ಮತ್ತೆ ಹೊಡೆದರೆ ಐದೂ ಬಂತು. ಅಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ, ಎಲ್ಲರೂ ಪರದೆಯನ್ನೇ ನೋಡುತ್ತಿರುತ್ತಾರೆ. ಬ್ಯಾಂಡ್‌ವಿಡ್ತ್ ಅಂದರೆ ಏನು ಅಂತ ಸ್ಲೈಡ್ ಹಾಕಿ ಒಂದು ಗಂಟೆ ಹೇಳಿದರೂ ಇಷ್ಟು ಇಳಿಯುವುದಿಲ್ಲ. ಗಿಗಾಬಿಟ್ ಸ್ವಿಚ್ಚಿನಲ್ಲಿ ಈ ಪಾಠ ಮಾಡಲು ಆಗುವುದೇ ಇಲ್ಲ.

ಇನ್ನೊಂದು ಸಂಗತಿ ಇದರ ಜೊತೆಗೇ ಹೇಳಬೇಕು. ಕ್ಲಾಕ್ ರೇಟ್ ಬದಲಿಸಿದರೆ 'ಬ್ಯಾಂಡ್‌ವಿಡ್ತ್' ಅನ್ನುವ ಅಂಕಿ ತಾನಾಗಿ ಬದಲಾಗುವುದಿಲ್ಲ. ಅದು ಬೇರೆ ಕಮಾಂಡ್. ತಂತಿಯ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ರೂಟರುಗಳಿಗೆ ದಾರಿ ಹುಡುಕಿಕೊಡುವ ಓಎಸ್‌ಪಿಎಫ್ ಅನ್ನುವ ಪ್ರೊಟೊಕಾಲ್ ದಾರಿ ಆರಿಸುವುದು ಆ ಅಂಕಿ ನೋಡಿಯೇ. 64 ಕೆಬಿಪಿಎಸ್ ಲೈನಿಗೆ 'ಬ್ಯಾಂಡ್‌ವಿಡ್ತ್ 64' ಕೊಟ್ಟರೆ ಕಾಸ್ಟ್ 1562 ಆಗುತ್ತದೆ, 128 ಕೊಟ್ಟರೆ 781. ಕಾಸ್ಟ್ ಕಡಿಮೆ ಇದ್ದಷ್ಟೂ ಒಳ್ಳೆಯ ದಾರಿ ಅಂತ ಲೆಕ್ಕ. ಕೊಡದೆ ಬಿಟ್ಟರೆ ನಿಧಾನದ ಲೈನನ್ನೇ ಒಳ್ಳೆಯ ದಾರಿ ಅಂದುಕೊಂಡು ರೂಟರ್ ಎಲ್ಲವನ್ನೂ ಅಲ್ಲಿಗೆ ತಳ್ಳಬಹುದು.

ಲೈನ್ ಏಳದಿದ್ದರೆ 'ಶೋ ಇಂಟರ್‌ಫೇಸಸ್' ಕೊನೆಯ ಸಾಲು ನೋಡಿ. ಡಿಸಿಡಿ, ಡಿಎಸ್‌ಆರ್, ಡಿಟಿಆರ್, ಆರ್‌ಟಿಎಸ್, ಸಿಟಿಎಸ್. ಇವು ಎರಡು ತುದಿಯೂ ಸಿದ್ಧವಾ ಅಂತ ತಂತಿಯಲ್ಲಿ ಹೇಳಿಕೊಳ್ಳುವ ಸಿಗ್ನಲ್‌ಗಳು. ಐದೂ ಅಪ್ ಇದ್ದು ಲೈನ್ ಪ್ರೊಟೊಕಾಲ್ ಮಾತ್ರ ಡೌನ್ ಅಂದರೆ ತಂತಿ ಸರಿಯಿದೆ. ಗಡಿಯಾರ ಇಲ್ಲ, ಇಲ್ಲವೇ ಎನ್‌ಕ್ಯಾಪ್ಸುಲೇಶನ್ ಎರಡು ಕಡೆ ಬೇರೆ ಬೇರೆ. ಸಿಸ್ಕೋ ರೂಟರ್ ಸೀರಿಯಲ್ ಪೋರ್ಟಿಗೆ ಏನೂ ಹೇಳದಿದ್ದರೆ ತನ್ನದೇ ಎಚ್‌ಡಿಎಲ್‌ಸಿ ಎನ್‌ಕ್ಯಾಪ್ಸುಲೇಶನ್ ಹಾಕಿಕೊಳ್ಳುತ್ತದೆ. ಎದುರಿಗೆ ಬೇರೆ ಕಂಪನಿಯ ರೂಟರ್ ಇದ್ದರೆ ಎರಡು ಕಡೆಯೂ ಎಲ್ಲಾ ಕಂಪನಿಗೂ ಹೊಂದುವ ಪಿಪಿಪಿ ಹಾಕಿ.

ಇಷ್ಟು ಸಿಂಕ್ ಕಡೆಯ ಮಾತು. ಈ ಕಾರ್ಡ್ ನನ್ನ ಹೊಟ್ಟೆಪಾಡಿಗೆ ಕೆಲಸಕ್ಕೆ ಬರುವುದು ಅಸಿಂಕ್‌ನಲ್ಲಿ.

ಮದ್ದೂರಿನ ಆಚೆ ಕಬ್ಬು ತೂಗುವ ಒಂದು ವೇಬ್ರಿಡ್ಜ್ ಇದೆ. ಕ್ಯಾಬಿನ್‌ನಲ್ಲಿ ತೂಕದ ಇಂಡಿಕೇಟರ್, ಕೆಂಪು ಅಂಕಿಯದು. ಅದರ ಹಿಂದೆ ಒಂಬತ್ತು ಪಿನ್ನಿನ ಆರ್‌ಎಸ್-232 ಅನ್ನುವ ಹಳೆಯ ಬಗೆಯ ಸೀರಿಯಲ್ ಪೋರ್ಟ್. ಒಳಗಿನಿಂದ ತೂಕವನ್ನು ಒಂದೇ ಸಮನೆ ಕಳಿಸುತ್ತಲೇ ಇರುತ್ತದೆ. ಮೊದಲು ಒಂದು ಹಳೇ ಕಂಪ್ಯೂಟರ್ ಅದನ್ನು ಓದುತ್ತಿತ್ತು. ದೂಳು ಕುಡಿದು ಕುಡಿದು ಅದು ನಿಂತಿತು. ಹೊಸ ಕಂಪ್ಯೂಟರಿನಲ್ಲಿ ಆ ತಂತಿ ಚುಚ್ಚುವ ಕಾಮ್ ಪೋರ್ಟೇ ಇಲ್ಲ. ಬಿಲ್ಲಿಂಗ್ ಆಫೀಸು ಅಂಗಳದ ಆ ಕೊನೆಗೆ. ಆರ್‌ಎಸ್-232 ತಂತಿಯನ್ನು ಸುಮಾರು 15 ಮೀಟರಿಗಿಂತ ಉದ್ದ ಎಳೆಯುವುದು ಒಳ್ಳೆಯದಲ್ಲ. ಕ್ಯಾಬಿನ್‌ನಲ್ಲಿ ಹೇಗೂ ಒಂದು 1841 ಇತ್ತು. ಅದಕ್ಕೇ ಎ/ಎಸ್ ಕಾರ್ಡ್ ಹಾಕಿ, ತೂಕವನ್ನು ನೆಟ್‌ವರ್ಕ್ ಮೇಲೆ ಆಫೀಸಿಗೆ ತಲುಪಿಸುವುದು ಅಂತ ಮಾತಾಯಿತು.

ಕಾರ್ಡ್ ಹಾಕುವ ಮೊದಲು ರೂಟರಿನ ಪವರ್ ತೆಗೆಯಲೇಬೇಕು. ಈ ರೂಟರಿನಲ್ಲಿ ಓಡುತ್ತಿರುವಾಗ ಕಾರ್ಡ್ ತೆಗೆದು ಹಾಕುವ ಹಾಗಿಲ್ಲ. ಸೀಸನ್‌ನಲ್ಲಿ ಪವರ್ ತೆಗೆಯಲು ಬಿಡುವು ಸಿಗುವುದು ಕಷ್ಟ. "ಲಾರಿ ಸಾಲು ನಿಂತದೆ ಮೇಡಂ, ಬೇಗ ಮಾಡ್ಕೊಡಿ" ಅಂತ ಆಪರೇಟರ್ ಬಾಗಿಲಲ್ಲೇ ನಿಂತಿದ್ದರು.

ಪೋರ್ಟ್ ಹುಟ್ಟಾ ಸಿಂಕ್. 'ಫಿಸಿಕಲ್-ಲೇಯರ್ ಅಸಿಂಕ್' ಅಂತ ಹೇಳಿದ ಮೇಲೇ ಅದು ಅಸಿಂಕ್ ಆಗುವುದು. ಆಮೇಲೆ ವೇಗ, ಡೇಟಾ ಬಿಟ್ (ಒಂದು ಅಕ್ಷರಕ್ಕೆ ಎಷ್ಟು ಬಿಟ್), ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಒಂದು ಬಿಟ್) ಎಲ್ಲವನ್ನೂ ಇಂಟರ್‌ಫೇಸ್ ಕೆಳಗಲ್ಲ, 'ಲೈನ್ 0/0/0' ಕೆಳಗೆ ಬರೆಯಬೇಕು. ಅಕ್ಷರ ಮುಗಿಯಿತು ಅನ್ನುವ ಸ್ಟಾಪ್ ಬಿಟ್ ಡಿಫಾಲ್ಟ್ 2 ಇರುತ್ತದೆ. ಇಂಡಿಕೇಟರಿಗೆ ಬೇಕಾದ್ದು 1, ಅದನ್ನೂ ಬರೆಯಿರಿ. ಮುಂದೆ ಎಂದಾದರೂ ಅಸಿಂಕ್‌ನಿಂದ ವಾಪಸ್ ಸಿಂಕ್‌ಗೆ ಹೋದರೆ ಪೋರ್ಟ್ ಡೌನ್ ಆಗಿ ಕೂರುತ್ತದೆ, 'ನೋ ಶಟ್‌ಡೌನ್' ಕೊಟ್ಟು ಎಬ್ಬಿಸಬೇಕು. ಕಾರ್ಡ್ ಹೋಯಿತು ಅಂತ ಗಾಬರಿ ಬೇಡ.

ವೈರಿಂಗ್‌ನಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ರೂಟರಿನ ಕೇಬಲ್ ತುದಿ 25 ಪಿನ್, ಇಂಡಿಕೇಟರ್ ತುದಿ 9 ಪಿನ್. 25 ಪಿನ್ನಿನ ಡಿಟಿಇಯಲ್ಲಿ ಕಳಿಸುವುದು 2, ತೆಗೆದುಕೊಳ್ಳುವುದು 3, ಗ್ರೌಂಡ್ 7. ಒಂಬತ್ತರದಲ್ಲಿ ಉಲ್ಟಾ: ತೆಗೆದುಕೊಳ್ಳುವುದು 2, ಕಳಿಸುವುದು 3, ಗ್ರೌಂಡ್ 5. ಎರಡೂ ಕಡೆ ಡಿಟಿಇ ಆಗಿದ್ದರೆ 2ಕ್ಕೆ 2, 3ಕ್ಕೆ 3 ಸೇರಿಸಿದರೇ ಕ್ರಾಸ್ ಆಗಿಬಿಡುತ್ತದೆ. ಎಷ್ಟೋ ಜನ ಅಭ್ಯಾಸಬಲದಿಂದ ಮತ್ತೊಮ್ಮೆ ಕ್ರಾಸ್ ಮಾಡುತ್ತಾರೆ. ಇಂಡಿಕೇಟರಿನಿಂದ ಬರುವುದು ಮೂರೇ ತಂತಿ. ಅದಕ್ಕೆ 'ಫ್ಲೋಕಂಟ್ರೋಲ್ ಹಾರ್ಡ್‌ವೇರ್' ಹಾಕಬೇಡಿ. ಇಲ್ಲದ ಸಿಟಿಎಸ್‌ಗೆ (ಕಳಿಸಬಹುದು ಅನ್ನುವ ಸಿಗ್ನಲ್‌ಗೆ) ರೂಟರ್ ಕಾಯುತ್ತಾ ಕೂರುತ್ತದೆ.

ಮೊದಲ ಸಲ ಲೈನ್ ತೆರೆದಾಗ ತೂಕ ಬಂತು, ಆದರೆ ಅರ್ಧ ಅಂಕಿ ಸರಿ, ಅರ್ಧ ಕೆಟ್ಟ ಅಕ್ಷರ. ಇಂಥದ್ದನ್ನು ನೋಡಿದ ತಕ್ಷಣ ಎಲ್ಲರೂ ಕೇಬಲ್ ಮೇಲೆ ಅನುಮಾನ ಪಡುತ್ತಾರೆ. ನಾನು ಯಾವ ಅಂಕಿ ಸರಿ ಬರುತ್ತಿದೆ ಅಂತ ಬರೆದುಕೊಂಡೆ. 0, 3, 5, 6, 9 ಸರಿ. 1, 2, 4, 7, 8 ಹಾಳು. ಆಗ ಗೊತ್ತಾಯಿತು, ಇದು ಪ್ಯಾರಿಟಿ. ಇಂಡಿಕೇಟರ್ 7 ಡೇಟಾ ಬಿಟ್, ಈವನ್ ಪ್ಯಾರಿಟಿಯಲ್ಲಿ (1ಗಳ ಲೆಕ್ಕ ಸಮ ಆಗುವ ಹಾಗೆ ಒಂದು ಬಿಟ್ ಸೇರಿಸಿ) ಕಳಿಸುತ್ತಿದೆ, ರೂಟರ್ 8 ಬಿಟ್ ಅಂತ ಓದುತ್ತಿದೆ. 0, 3, 5, 6, 9ರ ಆಸ್ಕಿ ಕೋಡಿನಲ್ಲಿ (ಅಕ್ಷರಗಳನ್ನು ಬಿಟ್‌ಗಳಾಗಿ ಬರೆಯುವ ಪಟ್ಟಿಯಲ್ಲಿ) 1ಗಳ ಲೆಕ್ಕ ಮೊದಲೇ ಸಮ, ಪ್ಯಾರಿಟಿ ಬಿಟ್ ಸೊನ್ನೆ, ಹಾಗಾಗಿ ಎಂಟನೇ ಬಿಟ್ ಓದಿದರೂ ಕೆಡುವುದಿಲ್ಲ. ಉಳಿದವುಗಳಲ್ಲಿ ಲೆಕ್ಕ ಬೆಸ. ಸಮ ಮಾಡಲು ಸೇರಿದ ಬಿಟ್ಟೇ ಎಂಟನೇ ಬಿಟ್ ಆಗಿ ಅಕ್ಷರವನ್ನು ಬದಲಿಸುತ್ತದೆ. 'ಡೇಟಾಬಿಟ್ಸ್ 7', 'ಪ್ಯಾರಿಟಿ ಈವನ್' ಎರಡು ಸಾಲು ಬರೆದೆ, ಅಂಕಿಗಳು ನೆಟ್ಟಗಾದವು. ಯಾರಿಗಾದರೂ ಇದೇ ಐದು ಅಂಕಿ ಸರಿ ಬಂದು ಉಳಿದವು ಕೆಟ್ಟರೆ, ಕೇಬಲ್ ಬಿಚ್ಚುವ ಮೊದಲು ಪ್ಯಾರಿಟಿ ನೋಡಿ.

ಅವತ್ತು ತೂಕಕ್ಕೆ ಬಂದಿದ್ದ ರೈತರೊಬ್ಬರು ಕಿಟಕಿಯಿಂದ ಇದನ್ನೆಲ್ಲಾ ನೋಡುತ್ತಿದ್ದರು. "ಅಲ್ಲಿ ತೋರ್ಸದೆ ಒಂದು, ಚೀಟೀಲಿ ಬರೋದೆ ಒಂದು ಆಗ್ಬಾರ್ದು ಕಣಕ್ಕ" ಅಂದರು. ಒಂದು ವರ್ಷ ಬೆಳೆದ ಕಬ್ಬಿಗೆ ಸಿಗುವ ದುಡ್ಡು ಆ ಚೀಟಿಯ ಅಂಕಿಯ ಮೇಲೆ ನಿಂತಿದೆ. ಅದಕ್ಕೇ ನಾನು ಖಾಲಿ ಟ್ರ್ಯಾಕ್ಟರ್, ಲೋಡ್ ಟ್ರ್ಯಾಕ್ಟರ್ ಎರಡನ್ನೂ ನಿಲ್ಲಿಸಿ, ಇಂಡಿಕೇಟರಿನ ಅಂಕಿ, ಆಫೀಸಿನ ಪರದೆಯ ಅಂಕಿ ಎರಡನ್ನೂ ಫೋನಿನಲ್ಲಿ ಓದಿಸಿ ತಾಳೆ ನೋಡಿದ ಮೇಲೇ ಬಿಟ್ಟು ಬಂದದ್ದು.

ಲೈನ್ ಕೆಳಗೆ 'ನೋ ಎಕ್ಸೆಕ್' ಮರೆಯಬೇಡಿ. ಹಾಕದಿದ್ದರೆ ಇಂಡಿಕೇಟರ್ ಕಳಿಸುವ ತೂಕವನ್ನು ರೂಟರ್ ಯಾರೋ ಲಾಗಿನ್ ಆಗಲು ಟೈಪ್ ಮಾಡುತ್ತಿದ್ದಾರೆ ಅಂದುಕೊಂಡು ಉತ್ತರ ಕೊಡಲು ಶುರು ಮಾಡುತ್ತದೆ. ಲೈನ್ ಯಾವಾಗಲೂ ಬಿಜಿ, ಆಫೀಸಿನಿಂದ ಸಂಪರ್ಕ ಸಿಗುವುದಿಲ್ಲ. 'ಟ್ರಾನ್ಸ್‌ಪೋರ್ಟ್ ಇನ್‌ಪುಟ್' ಸಾಲನ್ನೂ ಹಾಕಬೇಕು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನೂ ಒಳಗೆ ಬಿಡುವುದಿಲ್ಲ.

ಆಫೀಸಿನ ಸಾಫ್ಟ್‌ವೇರ್ ರೂಟರಿನ ಐಪಿಗೆ ಟಿಸಿಪಿ ಪೋರ್ಟ್ ಹಿಡಿದು ಬರುತ್ತದೆ. 2000ಕ್ಕೆ ಲೈನ್ ನಂಬರ್ ಕೂಡಿಸಿದರೆ ಟೆಲ್ನೆಟ್ (ದೂರದಿಂದ ಟೈಪ್ ಮಾಡುವ ಹಳೆಯ ವಿಧಾನ), 4000ಕ್ಕೆ ಕೂಡಿಸಿದರೆ ಕಚ್ಚಾ ಟಿಸಿಪಿ (ಬಂದ ಬೈಟು ಬಂದ ಹಾಗೇ). ಕೈಯಲ್ಲಿ ನೋಡುವುದಕ್ಕೆ ಮೊದಲನೆಯದು ಸಾಕು. ಸಾಫ್ಟ್‌ವೇರಿಗೆ ಎರಡನೆಯದೇ ಕೊಡಿ, ಟೆಲ್ನೆಟ್ ತನ್ನ ಮಾತುಕತೆಯ ಬೈಟುಗಳನ್ನು ನಡುವೆ ತೂರಿಸುತ್ತದೆ. ಲೈನ್ ನಂಬರ್ ಎಷ್ಟು ಅಂತ 'ಶೋ ಲೈನ್' ಹೇಳುತ್ತದೆ. ಒಂದು ಸಲಕ್ಕೆ ಒಬ್ಬರಿಗೇ ಲೈನ್ ಸಿಗುವುದು. ಆಫೀಸಿನ ಕಂಪ್ಯೂಟರ್ ಕರೆಂಟ್ ಹೋಗಿ ಸತ್ತರೆ ಹಳೆಯ ಸಂಪರ್ಕ ಹಾಗೇ ಉಳಿದು ಹೊಸದನ್ನು ಬಿಡುವುದಿಲ್ಲ. 'ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್' ಹಾಕಿದ ಮೇಲೆ ರೂಟರ್ ತಾನೇ ಗಮನಿಸಿ ಬಿಡುಗಡೆ ಮಾಡುತ್ತದೆ. ಅದಕ್ಕೂ ಕಾಯಲು ಆಗದಿದ್ದರೆ 'ಕ್ಲಿಯರ್ ಲೈನ್'.

   

ಈಗ ಕೊಳ್ಳುವ ಮಾತು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ, ಇಲ್ಲವೇ ಆನ್‌ಲೈನ್‌ನಲ್ಲಿ ಹಳೆಯ ಸಾಮಾನು ಮಾರುವವರ ಹತ್ತಿರ ಹುಡುಕಬೇಕು. ಕಾರ್ಡ್ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಕಷ್ಟ ಇರುವುದು ಕೇಬಲ್‌ನಲ್ಲಿ. ಎರಡು ಕೇಬಲ್ ಸೇರಿದರೆ ಕಾರ್ಡಿನ ಬೆಲೆ ದಾಟುತ್ತದೆ. ವಿ.35 ಡಿಸಿಇ ಕೇಳಿದರೆ ಡಿಟಿಇ ಕಳಿಸುವುದು ಮಾಮೂಲು, ನನಗೂ ಒಬ್ಬ ವ್ಯಾಪಾರಿ ಹಾಗೆ ಕಳಿಸಿದ್ದರು. ವಾಪಸ್ ಮಾಡಿಸಲು ಬಹಳ ಮಾತಾಡಬೇಕಾಯಿತು. ಕೇಬಲ್ ಮೇಲಿನ ನಂಬರ್ ನೋಡಿ: ಎಂಟಿ ಅಂತ ಮುಗಿದರೆ ಡಿಟಿಇ, ಗಂಡು ಕನೆಕ್ಟರ್. ಎಫ್‌ಸಿ ಅಂತ ಮುಗಿದರೆ ಡಿಸಿಇ, ಹೆಣ್ಣು ಕನೆಕ್ಟರ್. ನಡುವೆ ಎಸ್‌ಎಸ್ ಇದ್ದರೆ ಸ್ಮಾರ್ಟ್ ಸೀರಿಯಲ್. ಎಸ್‌ಎಸ್ ಇಲ್ಲದ್ದು ಹಳೆಯ 60 ಪಿನ್ನಿನದ್ದು, ಈ ಕಾರ್ಡಿಗೆ ಕೂರುವುದೇ ಇಲ್ಲ. ಅಸಿಂಕ್ ಕೆಲಸಕ್ಕೆ 232 ಕೇಬಲ್ ಬೇಕು, ವಿ.35 ನಡೆಯುವುದಿಲ್ಲ. ಪಾಠಕ್ಕೆ ಮಾತ್ರ ಆದರೆ ಎರಡು ತುದಿಯೂ ಸ್ಮಾರ್ಟ್ ಸೀರಿಯಲ್ ಇರುವ ಒಂದೇ ಕ್ರಾಸ್ ಕೇಬಲ್ ಸಿಗುತ್ತದೆ. ಅಗ್ಗ, ಹಗುರ. ಆದರೆ ನಾನು ಬೇಕಂತಲೇ ದಪ್ಪನೆಯ ವಿ.35 ಜೋಡಿ ಇಟ್ಟಿದ್ದೇನೆ. ಗಂಡು ಹೆಣ್ಣು ಕೈಯಲ್ಲಿ ಹಿಡಿದು ಸೇರಿಸಿದವರಿಗೆ ಡಿಟಿಇ, ಡಿಸಿಇ ಬೇಗ ಅರ್ಥವಾಗುತ್ತದೆ.

ಅಂಗಡಿಯಲ್ಲೇ ರೂಟರ್ ಆನ್ ಮಾಡಿಸಿ, 'ಶೋ ಡಯಾಗ್' ಹೊಡೆದು ಕಾರ್ಡಿನ ಹೆಸರು ನೋಡಿ. ಹಳೆಯ ಪಾಸ್‌ವರ್ಡ್ ಇದ್ದರೆ ಹೆದರಬೇಡಿ, ಆನ್ ಆಗುವಾಗ ಬ್ರೇಕ್ ಒತ್ತಿ ಕಾನ್ಫಿಗ್ ರಿಜಿಸ್ಟರ್ (ರೂಟರ್ ಹೇಗೆ ಏಳಬೇಕು ಅನ್ನುವ ಅಂಕಿ) 0x2142 ಮಾಡಿದರೆ ಒಳಗೆ ಹೋಗಬಹುದು. ಕೆಲಸ ಮುಗಿದ ಮೇಲೆ 0x2102ಕ್ಕೆ ತನ್ನಿ. ಎಷ್ಟೋ ಸಲ ಒಳಗೆ ಹಿಂದಿನ ಮಾಲೀಕರ ಪೂರ್ತಿ ಕಾನ್ಫಿಗರೇಶನ್ ಹಾಗೇ ಇರುತ್ತದೆ. ಬ್ರಾಂಚಿನ ಐಪಿ, ಪಾಸ್‌ವರ್ಡ್, ಎಲ್ಲಾ. ದಯವಿಟ್ಟು ಓದಿಕೊಂಡು ಕೂರಬೇಡಿ, 'ರೈಟ್ ಇರೇಸ್' ಹೊಡೆಯಿರಿ. ನೀವು ಮಾರುವಾಗಲೂ ಅಷ್ಟೇ.

ಯಾರು ಕೊಳ್ಳಬಾರದು ಅಂತಲೂ ಹೇಳಬೇಕು. ಹೊಸದಾಗಿ ಒಂದೇ ಒಂದು ವೇಬ್ರಿಡ್ಜ್ ಜೋಡಿಸುವವರಿಗೆ ಇದನ್ನು ಹೇಳುವುದಿಲ್ಲ. ಸೀರಿಯಲ್ ಡಿವೈಸ್ ಸರ್ವರ್ ಅಂತ ಚಿಕ್ಕ ಡಬ್ಬಿ ಬರುತ್ತದೆ, ಹೊಸದು, ವಾರಂಟಿ ಇರುತ್ತದೆ, ಅದನ್ನು ತೆಗೆದುಕೊಳ್ಳಿ. ರೂಟರ್ ಮೊದಲೇ ಇದ್ದವರಿಗೆ ಮಾತ್ರ ಈ ಕಾರ್ಡ್ ಲಾಭ. ರೂಟರಿಗೆ ಈಗ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಹೊಸ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದಿಂದ ಗುಟ್ಟಾಗಿ ಲಾಗಿನ್ ಆಗುವ ವಿಧಾನ) ಮಾಡಿದರೆ ಹಳೆಯ ಕೀ ವಿಧಾನ ಅಂತ ಒಪ್ಪುವುದೂ ಇಲ್ಲ. ಇಂಟರ್ನೆಟ್ ಕಡೆ ಮುಖ ಮಾಡಿ ಇಡಲೇಬಾರದು. ಒಳಗಿನ ನೆಟ್‌ವರ್ಕಿನಲ್ಲಿ, ಲೈನಿಗೆ 'ಆಕ್ಸೆಸ್-ಕ್ಲಾಸ್' ಹಾಕಿ ಆಫೀಸಿನ ಒಂದೇ ಐಪಿಯನ್ನು ಒಳಗೆ ಬಿಡಿ. ತೂಕದ ಲೈನಿಗೆ ಕಂಡವರೆಲ್ಲಾ ಕೈ ಹಾಕುವ ಹಾಗಿರಬಾರದು, ಅಲ್ವಾ?

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೂ ಒಂದು ಮಾತು. ವೇಬ್ರಿಡ್ಜಿನ ಅರ್ತಿಂಗ್ ಬೇರೆ, ರೂಟರಿನ ಅರ್ತಿಂಗ್ ಬೇರೆ ಆದಾಗ ಸೀರಿಯಲ್ ತಂತಿಯ ಗ್ರೌಂಡ್ ಮೂಲಕವೇ ಕರೆಂಟ್ ಹರಿದು ಪೋರ್ಟ್ ಸಾಯುತ್ತದೆ. ನಡುವೆ ಆಪ್ಟೋ ಐಸೊಲೇಟರ್ ಹಾಕಿಸಿ, ಅದು ಡೇಟಾವನ್ನು ಬೆಳಕಿನಲ್ಲಿ ದಾಟಿಸಿ ಎರಡು ಕಡೆಯ ಕರೆಂಟನ್ನು ಬೇರೆ ಇಡುತ್ತದೆ. ಖರ್ಚು ಕಡಿಮೆ, ಕಾರ್ಡೂ ಉಳಿಯುತ್ತದೆ, ಇಂಡಿಕೇಟರೂ ಉಳಿಯುತ್ತದೆ.

ಕಾರ್ಡಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಕೇಬಲ್ ಹುಡುಕಾಟಕ್ಕೆ. ಮೈಸೂರು, ಮಂಡ್ಯದಲ್ಲಿ ಯಾರ ಹತ್ತಿರವಾದರೂ ಸ್ಮಾರ್ಟ್ ಸೀರಿಯಲ್ 232 ಕೇಬಲ್, ಎಂಟಿ ತುದಿಯದ್ದು, ಸುಮ್ನೆ ಬಿದ್ದಿದ್ದರೆ ತಿಳಿಸಿ. ಪಾಂಡವಪುರ ಕಡೆ ಇನ್ನೊಂದು ವೇಬ್ರಿಡ್ಜಿಗೆ ಬೇಕಾಗಿದೆ, ಸರಿಯಾದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ.